ಆಷಾಢದಲ್ಲಿ ಅಳೆದ ದಂಡೆ

“ಮೇಡಂ, ಈ ಜಾಗ ಖಾಲಿ ಇದೆ ಅಂತ ಹಳದಿ ಬಣ್ಣ ಹಾಕಿದ್ದೀರಲ್ಲ... ನೋಡೋಕೆ ಯಾವ ತಿಂಗಳು ಹೋಗಿದ್ರಿ?”

ಹಿಂದಿನ ಸಾಲಿನಿಂದ ಬಂದ ಆ ದನಿ ಕೇಳಿದ್ದೇ ತಡ, ಶಾಲಿನಿಗೆ ಗುರುತು ಹತ್ತಿತು.

ಮಿಥುನ!

ಎರಡು ವರ್ಷದ ಹಿಂದೆ ಇವಳನ್ನು ಮದುವೆಯಾಗಬೇಕಿದ್ದವನು. ಜಗಳವಾಡಿ ದೂರವಾದವನು. ಈಗ ಕಡಲಾಮೆ ಸಂರಕ್ಷಣೆಯವರ ಪರವಾಗಿ ಪುಣೆಯ ಇವಳ ಆಫೀಸಿಗೇ ಬಂದು, ಇವಳದೇ ನಕ್ಷೆಯೆದುರು ನಿಂತು ‘ಮೇಡಂ’ ಅನ್ನುತ್ತಿದ್ದಾನೆ!

ಕುಂದಾಪುರದ ಕಡೆಯ ಕಂಚಿಕೇರಿ ಎಂಬ ಮೀನುಗಾರರ ಊರನ್ನು ಪ್ರವಾಸಿ ತಾಣ ಮಾಡುವ ಯೋಜನೆ ಅದು. ನಕ್ಷೆ ಬರೆದವಳು ಶಾಲಿನಿ. ಕರ್ನಾಟಕದಿಂದ ಬಂದು ಕೂತಿದ್ದ ಅಧಿಕಾರಿಗಳು ಇವತ್ತು ಹೂಂ ಅಂದರೆ ಮುಗಿಯಿತು, ಆ ಹಳದಿ ಜಾಗದಲ್ಲಿ ಟೆಂಟು, ಪಾರ್ಕಿಂಗು ಏಳುತ್ತವೆ.

“ಜುಲೈ ತಿಂಗಳಾಗ...” ಎಂದಳು, ತಲೆಯೆತ್ತದೆ.

ಮಿಥುನನ ಪಕ್ಕದಲ್ಲಿದ್ದ ಹೆಂಗಸು ಎದ್ದು ನಿಂತಳು. ಕಂಚಿಕೇರಿಯಿಂದ ರೈಲು ಹತ್ತಿ ಬಂದಿದ್ದ ಕಮಲಮ್ಮ.

“ಆಷಾಢ್ದಗೆ ದೋಣಿ ನೀರಿಗ್ ಇಳಿತ್ತಾ ತಾಯೀ? ಆಗ ಅಲ್ಲಿ ಬರೀ ಹುಲ್ಲ್. ಮಳಿ ಬಿಟ್ಟ್ ಮೇಲ್ ಬಂದ್ ಕಾಣಿ, ಕಾಲಿಡುಕೆ ಜಾಗ ಇಲ್ಲೆ, ಪೂರಾ ಮೀನ್ ಒಣ್ಸುದ್!” ಎಂದವಳು ಮಿಥುನನನ್ನೂ ಬಿಡಲಿಲ್ಲ. “ಇವ್ರ್ ಆಮೆ ಮೊಟ್ಟಿ ಅಂತ ಅರ್ಧ ಜಾಗಕ್ಕೆ ಬೇಲಿ ಹಾಕ್ರ್. ಉಳದ್ದಕ್ಕೆ ನೀವ್ ಬಣ್ಣ ಬಳದ್ರಿ. ನಾವ್ ಮೀನ್ ಎಲ್ಲ್ ಒಣ್ಸುದ್? ನಿಮ್ ತಲಿ ಮೇಲಾ?”

ಯಾರೂ ನಗಲಿಲ್ಲ.

‘ಮಳೆ ಬಿಟ್ಟ ಮೇಲೆ ಇನ್ನೊಂದ್ಸಲ ಹೋಗಿ ಬಾ ಶಾಲು’ ಅಂದಿದ್ದನಲ್ಲ ಮಿಥುನ, ಎರಡು ವರ್ಷದ ಹಿಂದಿನ ಆ ಜಗಳದ ದಿನ! ‘ನನ್ನ ಕೆಲಸದ ಮ್ಯಾಲ ನಿನಗ ನಂಬಿಕಿ ಇಲ್ಲ’ ಎಂದು ಕೆಂಡವಾಗಿ, ಅಂದೇ ಅವನ ನಂಬರನ್ನು ಬ್ಲಾಕ್ ಮಾಡಿದ್ದಳು. ಹಟಕ್ಕೆ ಬಿದ್ದು ಮತ್ತೆ ಹೋಗಲೂ ಇಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇವರಿನ್ನೂ ಗಂಡ ಹೆಂಡಿರೇ ಆಗಿರಲಿಲ್ಲ, ಅಷ್ಟರಲ್ಲೇ ಒಂದು ಊರು ಬಡವಾಗಲು ಹೊರಟಿತ್ತು!

“ಶಾಲಿನಿ, ಪುಢೇ ಚಲ್...” ಮುಂದೆ ಸಾಗು ಎಂದು ಅವಳ ಬಾಸ್ ವಿಕ್ರಮ ಸರ್ ಹಲ್ಲು ಕಚ್ಚಿ ಪಿಸುಗುಟ್ಟಿದರು.

ಅವಳು ಸಾಗಲಿಲ್ಲ.

“ತಪ್ಪಾಗ್ಯದ ರೀ ಅಕ್ಕಾರ,” ಎಂದಳು ಕಮಲಮ್ಮನಿಗೆ. ಆಮೇಲೆ ಅಧಿಕಾರಿಗಳತ್ತ ತಿರುಗಿದಳು. “ಈ ನಕ್ಷಾ ಒಪ್ಪಬ್ಯಾಡ್ರಿ. ಅದು ಖಾಲಿ ಜಾಗ ಅಲ್ಲ. ಮಳಿ ನಿಂತ ಮ್ಯಾಲ ನಾನ ಮತ್ತ ಹೋಗ್ತೀನಿ. ಇವರು ಎಲ್ಲಿ ತನಕ ತಮ್ಮದು ಅಂತಾರ, ಅಲ್ಲಿ ತನಕ ಬಿಟ್ಟು ಬರೀತೀನಿ.”

ಅಧಿಕಾರಿಗಳು ನಕ್ಷೆಯನ್ನು ತಡೆಹಿಡಿದರು. ವಿಕ್ರಮ ಸರ್ ಇವಳತ್ತ ನೋಡದೆ ಎದ್ದುಹೋದರು. ಈ ವರ್ಷದ ಬಡ್ತಿಯೂ ಅವರ ಹಿಂದೆಯೇ ಬಾಗಿಲು ದಾಟಿತು.

ಎದುರಿನ ‘ಅಮೃತತುಲ್ಯ’ ಚಹಾದಂಗಡಿಯಲ್ಲಿ ಕಮಲಮ್ಮ ತನ್ನ ಚಹಾ ಹಿಡಿದುಕೊಂಡು ಬೇಕೆಂದೇ ದೂರದ ಬೆಂಚಿಗೆ ಹೋಗಿ ಕೂತಳು. ಇವರಿಬ್ಬರೇ ಉಳಿದರು.

“ಬೇಲಿ ತೆಗೆಸ್ತಿದೀನಿ,” ಎಂದ ಮಿಥುನ. “ಇನ್ಮೇಲೆ ಗೂಡಿರೋ ಕಡೆ ಮಾತ್ರ, ಅದೂ ಅವರನ್ನ ಕೇಳಿ. ಉಳಿದರ್ಧ ಅವರಿಗೆ ಸಾಕಾಗುತ್ತೆ ಅಂತ ನಾನೇ ಅಂದ್ಕೊಂಡ್ಬಿಟ್ಟಿದ್ದೆ ಶಾಲು... ನಿಂಗೆ ಮಾತ್ರ ಬುದ್ಧಿ ಹೇಳ್ದೆ.”

ಅವಳು ಚಹಾದ ಲೋಟವನ್ನು ಅವನತ್ತ ಸರಿಸಿದಳು.

“ಅಪ್ಪ ಹೇಗಿದಾರೆ?” ಎಂದ.

ಶಾಲಿನಿ ತನ್ನ ಲೋಟ ಕೆಳಗಿಟ್ಟಳು.

“ಅಪ್ಪ ಹೋಗಿಬಿಟ್ರು, ಮಿಥುನ... ಹ್ವಾದ ದೀಪಾವಳಿ ಮುಂದ.”

ಅವನ ಮುಖ ಬಿಳಿಚಿಕೊಂಡಿತು. ಶಾಲಿನಿಯ ಅಪ್ಪ ಚಂದ್ರಪ್ಪ ಪುಣೆಯ ಖಡಕಿಯ ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ, ಭಾನುವಾರ ಬಂತೆಂದರೆ ಕೇರಂ ಬೋರ್ಡಿಗೆ ಪೌಡರ್ ಹಾಕಿಟ್ಟು ಇವನಿಗಾಗಿ ಕಾಯುತ್ತಿದ್ದರು.

“ನಂಗೆ... ನಂಗೆ ಯಾರೂ ಹೇಳ್ಲಿಲ್ಲ!”

“ಹೆಂಗ ಹೇಳತಿದ್ರು? ಎಲ್ಲಾ ದಾರಿ ನಾನ ಬಂದ್ ಮಾಡಿದ್ದೆ. ಆದ್ರೂ ಅವತ್ತ ಬಾಗಲಾ ನೋಡಿಕೋತ ಕೂತಿದ್ದೆ. ಇವ ಯಾಕ ಬರಲಿಲ್ಲ ಅಂತ ನಿನಗ ಭಾಳ ಶಾಪ ಹಾಕಿದೆ... ದವಾಖಾನ್ಯಾಗ ಅಪ್ಪ ನಿನ್ನ ಕೇಳಿದ್ರು ಮಿಥುನ. ಊರಾಗಿಲ್ಲ ಅಂತ ಸುಳ್ಳ ಹೇಳಿದೆ.”

ಅವನು ಅಳುತ್ತಿದ್ದ, ಸುತ್ತ ಜನರಿದ್ದಾರೆಂಬ ಪರಿವೆಯಿಲ್ಲದೆ.

“ಒಂದೇ ಒಂದ್ಸಲ ಬಂದು ಬಾಗಿಲು ತಟ್ಟಬಹುದಿತ್ತು ನಾನು. ನೀನೇ ಕರೀಲಿ ಅಂತ ಕೂತ್ಬಿಟ್ಟೆ... ಪ್ರೀತಿ ಕಡಿಮೆ ಆಗಿರ್ಲಿಲ್ಲ ಶಾಲು, ಆಣೆಗೂ!”

“ನಂದೂ ಕಡಿಮಿ ಆಗಿದ್ದಿಲ್ಲ. ಈಗೂ ಆಗಿಲ್ಲ.”

ಎರಡು ವರ್ಷ ಇಬ್ಬರೂ ಕಾದಿದ್ದ ಮಾತದು. ಬಂದಾಗ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಗಿತ್ತು. ದಂಡೆಯನ್ನು ಮತ್ತೆ ಹೋಗಿ ಅಳೆಯಬಹುದು. ಚಂದ್ರಪ್ಪನವರ ಹತ್ತಿರ ಮತ್ತೆ ಹೋಗುವುದೆಲ್ಲಿ?

ಶಾಲಿನಿ ಕಣ್ಣೊರೆಸಿಕೊಂಡಳು.

“ಮನಿಗೆ ಬಾ. ಕಮಲಕ್ಕನ್ನೂ ಕರಕೊಂಡು ಬಾ. ಅವ್ವ ಒಬ್ಬಾಕಿನ ಇದ್ದಾಳ.”

“ಅಮ್ಮಂಗೆ ಏನಂತ ಹೇಳ್ಲಿ ಶಾಲು? ಯಾವ ಮುಖ ಇಟ್ಕೊಂಡು ಬರ್ಲಿ?”

“ಏನೂ ಹೇಳಬ್ಯಾಡ,” ಅವಳು ಅವನ ಕೈ ಹಿಡಿದಳು. “ನನ್ನ ಬಾಜೂಕ ಬಂದು ಕೂಡು... ಆಕಿಗೆ ತಿಳೀತದ.”