ಅಟ್ಟದ ಕೆಳಗಿನ ನೊಣಗಳು

"ಆ ಬಾಟಲಿ ಮುಟ್ಟಬೇಡಿ! ಯಾರ್ರೀ ನೀವು?"

ಇಂಪನಾಳ ಕೂಗಿಗೆ ಅಟ್ಟದ ಏಣಿಯಿಂದ ಇಳಿಯುತ್ತಿದ್ದವನು ಬೆಚ್ಚಿಬಿದ್ದ. ಅವನು ಕಿಬ್ಬನಹಳ್ಳಿಯ ಕೊಬ್ಬರಿ ವ್ಯಾಪಾರಿ ಜ್ಞಾನೇಶ್. ಅಟ್ಟದಲ್ಲಿ ಒಣಗುತ್ತಿದ್ದ ಕಾಯಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದೆಯೇ ನೋಡಲು ದಂಡಿನಶಿವರದ ಅವಳ ಮನೆಗೆ ಬಂದಿದ್ದ.

"ಕಾಯಿ ನೋಡಾಕೆ ಬಂದೋನು ಕಣ್ರೀ. ಬಾಟ್ಲಿ ತುಂಬ ನೊಣ ಸಾಕಿದ್ದೀರಲ್ಲ... ಯಾತಕ್ಕೆ?"

'ಹೇಳಿದರೆ ಇವನಿಗೆ ಅರ್ಥವಾದೀತೇ?' ಎಂದುಕೊಂಡೇ ಅವಳು ಸೂಕ್ಷ್ಮದರ್ಶಕ ತೋರಿಸಿದಳು. ಕಾಲೇಜಿನ ಲ್ಯಾಬ್ ರಿಪೇರಿಯಲ್ಲಿತ್ತು. ಅವಳ ಸಂಶೋಧನೆಯೆಲ್ಲ ಅಟ್ಟದ ಕೆಳಗಿನ ಕೋಣೆಗೆ ಬಂದು ಕೂತಿತ್ತು.

"ಹಣ್ಣಿನ ನೊಣದ ಮೊಟ್ಟೆ. ಇದರೊಳಗೆ ಒಂದೇ ದಿನದಲ್ಲಿ ನರಗಳೆಲ್ಲ ಹೆಣ್ಕೊಳ್ತವೆ. ನಡುವೆ ಕೆಲವು ಜೀವಕೋಶ ಇರ್ತವೆ, ಅವೇ ದಾರಿ ತೋರ್ಸೋದು. ಬೆಳೆಯೋ ನರವನ್ನ ಮೊದಲು ಹತ್ತಿರ ಕರೀತವೆ. ನಡುಗೆರೆ ದಾಟಿದ ಮೇಲೆ, ವಾಪಸ್ ಬರದಂಗೆ ದೂರ ತಳ್ತವೆ."

"ಕರೆದು ತಳ್ಳೋದಾ? ಪಾಪ ಕಣ್ರೀ!"

ಅವಳು ನಕ್ಕುಬಿಟ್ಟಳು. ಅಲ್ಲಿಗೆ ಅವಳ ಕಥೆ ಮುಗಿಯಿತು ಅನ್ನಿ! ವಾರಕ್ಕೆ ಎರಡು ಸಲ ಕಾಯಿ ನೋಡಲು ಬರುವ ವ್ಯಾಪಾರಿಯನ್ನು ಊರು ಅದುವರೆಗೆ ಕಂಡಿರಲಿಲ್ಲ.

ಮಳೆ ಹಿಡಿದಿದ್ದ ಒಂದು ಸಂಜೆ ಅವಳು ಮನೆಗೆ ಬಂದಾಗ ಕೋಣೆಯೆಲ್ಲ ಹೊಗೆ. ನೆಲದಲ್ಲಿ ಚಿಪ್ಪು ಉರಿದ ಬೂದಿ. ಬಾಟಲಿಗಳ ತಳದಲ್ಲಿ ನೊಣಗಳು ಸತ್ತುಬಿದ್ದಿದ್ದವು. ದಾರಿ ತೋರುವ ಕೋಶಗಳಲ್ಲೇ ದೋಷವಿದ್ದ ಆ ತಳಿಗಾಗಿ ಅವಳು ಎರಡು ವರ್ಷ ಹೆಣಗಿದ್ದಳು.

"ಯಾರು... ಯಾರು ಹೊಗೆ ಹಾಕಿದ್ದು?"

ಹೃದಯದ ಕಾಯಿಲೆಯಿದ್ದ ತಾಯಿ ಗುರುಶಾಂತಮ್ಮ ಬಾಗಿಲಲ್ಲಿ ನಡುಗುತ್ತ ನಿಂತಿದ್ದರು. ಅವರ ಹಿಂದಿದ್ದ ಜ್ಞಾನೇಶ್ ಮುಂದೆ ಬಂದ.

"ನಾನೇ ಕಣ್ರೀ. ಕೊಬ್ಬರಿ ಕೆಡ್ತದೆ ಅಂತ..."

"ಕೊಬ್ಬರಿಯೇ ಹೆಚ್ಚಾಯ್ತಾ ನಿಮಗೆ? ಇನ್ನು ಈ ಹೊಸಿಲು ತುಳೀಬೇಡಿ!"

ಅವನು ತಲೆ ತಗ್ಗಿಸಿ ಹೋದ. ಇಂಥವನನ್ನು ಪ್ರೀತಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಆಮೇಲಿನ ಮೂರು ತಿಂಗಳು ಅವಳಿಗೆ ತಾಯಿಯೇ ಎಲ್ಲ. ದಿನಾ ಅವರ ತಲೆಗೆ ಎಣ್ಣೆ ಹಚ್ಚಿ, ಏನೇನೋ ಹೇಳಿ ನಗಿಸುತ್ತಿದ್ದಳು. ಒಂದು ಬೆಳಗ್ಗೆ ಗುರುಶಾಂತಮ್ಮ ಏಳಲೇ ಇಲ್ಲ.

ತಿಂಗಳು ಕಳೆದ ಮೇಲೆ ಪಕ್ಕದ ಮನೆಯ ಕಲ್ಲಮ್ಮ ಬಾಯಿಬಿಟ್ಟಳು.

"ಹೊಗೆ ಹಾಕಿದ್ದು ನಿಮ್ಮವ್ವ ಕಣವ್ವ. ಎರಡು ನೊಣ ತಪ್ಪಿಸ್ಕಂಡು ಅಟ್ಟಕ್ಕೆ ಹಾರಿದ್ವಂತೆ. ಕೊಬ್ಬರಿಗೆ ಹುಳ ಬೀಳ್ತದೆ ಅಂತ ಹೆದರ್ಕಂಡು ಚಿಪ್ಪು ಉರಿಸವ್ಳೆ. ನಿನ್ನ ನೊಣ ಸತ್ತಿದ್ದು ನೋಡಿ ಎದೆ ಹಿಡ್ಕಂಡು ಕುಂತ್ಲು. ನೀವು ಸುಮ್ಕಿರಿ, ನಾನು ನೋಡ್ಕತೀನಿ ಅಂದ, ಕಾಯಿ ನೋಡಾಕೆ ಬಂದಿದ್ದ ಆ ಹುಡ್ಗ."

ಇಂಪನಾ ಸಿಕ್ಕಿದ ಬಸ್ಸು ಹತ್ತಿದಳು. ಕಿಬ್ಬನಹಳ್ಳಿಯ ಅಂಗಡಿಯಲ್ಲಿ ಅವನು ಕಾಯಿಯೊಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದ.

"ಯಾಕೆ ಸುಳ್ಳು ಹೇಳಿದ್ರಿ?"

ಅವನ ಕೈ ನಿಂತಿತು.

"ನೀವು ಬೈದಿದ್ರೆ ಅವರು ತಡ್ಕತಿರ್ಲಿಲ್ಲ. ಬೈಸ್ಕಳಾಕೆ ನಾನಿದ್ನಲ್ಲ ಬುಡಿ."

ಆ ಮೂರು ತಿಂಗಳ ನಗು... ಅದನ್ನು ತಮ್ಮಿಬ್ಬರಿಗೂ ಉಳಿಸಿಕೊಟ್ಟವನು ಇವನು! ಅವಳು ಅಲ್ಲೇ ಮೂಟೆಯ ಮೇಲೆ ಕುಸಿದು ಬಿಕ್ಕಿದಳು.

"ಅವ್ವ ಇಲ್ಲ. ನೊಣಗಳೂ ಇಲ್ಲ. ಎಲ್ಲ ಮೊದಲಿಂದ ಶುರು ಮಾಡ್ಬೇಕು... ಅಷ್ಟು ದೂರ ತಳ್ಳಿದ್ನಲ್ಲ, ಇನ್ನು ವಾಪಸ್ ಬರ್ತೀರಾ?"

ಅವನು ಕಾಯಿ ಕೆಳಗಿಟ್ಟು ಅವಳ ಕೈ ಹಿಡಿದ. ಅವನ ಕಣ್ಣೂ ತುಂಬಿತ್ತು.

"ತಳ್ಳಿದ್ರೆ ವಾಪಸ್ ಬರದೇ ಇರಾಕೆ... ನಾನು ನೊಣದ ನರವೇನ್ರೀ?"