ಐದನೇ ಕಪ್ಪು ಬಗ್ಗಿಸಿದವಳು

ಕ್ರಿಸ್ಟಿನಾ ಬಾಗಿಲು ತಟ್ಟಿರಲಿಲ್ಲ, ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದರು. ನಾವು ನೆಲೆಸಿದ ಪರದೇಶದ ಕಡಲೂರು ಮುಕಿಲ್ಟಿಯೊದ ಮೊದಲ ಫೆರಿ ದೋಣಿ ಕೂಗಿದಾಗ ಪರದೆ ಸರಿಸಿದವಳು ನಾನು. ಮಂಜಿನಲ್ಲಿ ಅವರ ಬಿಳಿ ಕೋಟು ಕಂಡು, ನನ್ನ ದಾದಿ, ಅಂದರೆ ಅಪ್ಪನ ಅಮ್ಮ, ಹೇಳುತ್ತಿದ್ದ ಕತೆಯ ರಾಣಿಯೇ, ಸತ್ತ ಗಂಡನನ್ನು ಹುಡುಕುತ್ತ ಬಾವಿಕಟ್ಟೆಗೆ ಬರುವವಳೇ ಬಂದಳೇನೋ ಅಂದುಕೊಂಡೆ.

"ಒಳಗೆ ಬಾ ಮಾರಾಯ್ತಿ, ಚಳಿಯಲ್ಲಿ ಎಂತ ಕೂತದ್ದು?" ಎಂದು ಐರಿನ್ ಆಂಟಿ ಅವರನ್ನು ಕೈಹಿಡಿದು ಕರೆತಂದರು.

ಐರಿನ್ ಆಂಟಿ ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ನಮ್ಮ ಕನ್ನಡದವರಲ್ಲಿ ಏನೇ ಬಿಡಿಸಲಾಗದ ಗಂಟು ಬಿದ್ದರೂ ಜನ ಬರುತ್ತಿದ್ದದ್ದು ಅವರ ಬಳಿಗೇ.

"ಸೋಮವಾರ ನನ್ನನ್ನ ಅರೆಸ್ಟ್ ಮಾಡಬಹುದು ಅಂತ ಲಾಯರ್ ಹೇಳಿದ್ರು ಆಂಟಿ," ಎಂದರು ಕ್ರಿಸ್ಟಿನಾ. "ಅದಕ್ಕಲ್ಲ ನಾನು ಬಂದಿರೋದು. ಮೈದುನ ಜೋಯೆಲ್ ನನ್ನ ಮಗಳನ್ನ ಎವರೆಟ್‌ಗೆ ತನ್ನ ಮನೆಗೆ ಕರ್ಕೊಂಡು ಹೋಗಿದಾನೆ. ನಿನ್ನೆ ಫೋನ್ ಮಾಡಿದ್ರೆ, 'ಮಾಮ್, ಡಿಡ್ ಯು ಡೂ ಇಟ್?' ಅಂತ ಕೇಳ್ತಾಳೆ. ಒಂಬತ್ತು ವರ್ಷದ ಮಗು."

ಅವರ ಗಂಡ ಆಂಟನಿ ಹಿಂದಿನ ಶನಿವಾರ ತೀರಿಕೊಂಡಿದ್ದರು. ಆಗ ನಾನೂ ಅವರ ಮನೆಯ ಊಟದ ಮೇಜಿನ ಬದಿಯಲ್ಲಿದ್ದೆ.

ಅಕ್ಕಿಯನ್ನು ಹುದುಗಿಸಿ ಮಾಡುವ ಜಪಾನಿನ ಮದ್ಯ ಸಾಕೆ ಎಂದರೆ ಆಂಟನಿಗೆ ಹುಚ್ಚು. ಯಾವ ಸೀಮೆಯ ಸಾಕೆಗೆ ನಮ್ಮ ಕರಾವಳಿಯ ಯಾವ ಅಡುಗೆ ಹೊಂದುತ್ತದೆ ಎಂದು ತಿಂಗಳಿಗೊಮ್ಮೆ ಮನೆಯಲ್ಲೇ ರುಚಿ ನೋಡುವ ಕೂಟ ನಡೆಸುತ್ತಿದ್ದರು. ನಾನು ಕುಡಿಯುವವಳಲ್ಲ. ಅದಕ್ಕೇ ನನ್ನನ್ನು ಕರೆಯುತ್ತಿದ್ದರು. "ಅಮಲಿಲ್ಲದ ತಲೆ ಒಂದಾದ್ರೂ ಬೇಕಲ್ಲ ಅನಮ್. ನಾವು ರುಚಿ ಬರೆದ ಚೀಟಿಗಳನ್ನೆಲ್ಲ ಒಟ್ಟುಮಾಡಿ ಬರೆದಿಡು," ಎಂದು ನಗುತ್ತಿದ್ದರು.

ಆ ದಿನ ಕುಡಿಯುವವರು ನಾಲ್ವರು: ಆಂಟನಿ, ಕ್ರಿಸ್ಟಿನಾ, ಆಂಟನಿಯ ತಮ್ಮ ಜೋಯೆಲ್, ಮತ್ತು ಬಾಟಲಿಗಳನ್ನು ತಂದ ಕೇಶವ. ಕೇಶವ ಸಾಕೆಯ ಬಗ್ಗೆ ತರಗತಿ ನಡೆಸುತ್ತಿದ್ದವರು. ಪ್ರತಿಯೊಬ್ಬರ ಮುಂದೆಯೂ ಯುಜು ಎಂಬ ಜಪಾನಿ ನಿಂಬೆಯ ಸಿಪ್ಪೆ ತೇಲಿಸಿದ ನೀರಿನ ಗ್ಲಾಸನ್ನು ಅವರೇ ತಂದಿಟ್ಟರು. ಒಂದು ಕಪ್ಪು ಮುಗಿದ ಮೇಲೆ ಆ ಗ್ಲಾಸಿನ ಸ್ವಲ್ಪ ನೀರನ್ನು ಕಪ್ಪಿಗೆ ಹಾಕಿ ಕಲಕಿ ಕುಡಿಯಬೇಕು, ಆಮೇಲೆ ಮುಂದಿನದು. ಅದು ಅವರು ಕಲಿಸಿದ ಕ್ರಮ. ತನ್ನ ಕಪ್ಪಿಗೆ ತಾನೇ ಬಗ್ಗಿಸಿಕೊಳ್ಳಬಾರದು ಎಂಬುದು ಜಪಾನಿನ ರೂಢಿ. ಆಂಟನಿಯ ಕಪ್ಪಿಗೆ ಮೊದಲೆರಡು ಸಲ ಕೇಶವ, ಮತ್ತೆರಡು ಸಲ ಜೋಯೆಲ್, ಐದನೆಯ ಸಲ ಕ್ರಿಸ್ಟಿನಾ ಬಗ್ಗಿಸಿದರು.

ನಿಗಾಟ ಸೀಮೆಯ ಸಾಕೆಗೆ ಸಾಲ್ಮನ್ ತವಾ ಫ್ರೈ ಬಂತು. ಕೊನೆಗೆ ಜಪಾನಿನದೇ ಕೊಚಿ ಸೀಮೆಯ ಖಡಕ್ ಸಾಕೆಗೆ ಹುಳಿಖಾರದ ಬಂಗುಡೆ ಮೀನಿನ ಪುಳಿಮುಂಚಿ. ಎರಡೂವರೆ ಗಂಟೆ ಕಳೆದಿತ್ತು. ಐದನೆಯ ಕಪ್ಪು ಬರಿದು ಮಾಡಿದ ಆಂಟನಿ ಎದೆ ಹಿಡಿದು ಮೇಜಿನ ಮೇಲೆ ಒರಗಿಬಿದ್ದರು. ಕಪ್ಪು ಜಮಖಾನದ ಮೇಲೆ ಉರುಳಿತು. ಎದುರಿಗಿದ್ದ ಕೇಶವ ಮೇಜನ್ನು ಸುತ್ತಿ ಓಡಿಬಂದು, ಆಂಟನಿಯ ಗ್ಲಾಸನ್ನೆತ್ತಿ ಮುಖಕ್ಕೆ ನೀರು ಚಿಮುಕಿಸಿದರು. ಖಾಲಿಯಾದ ಗ್ಲಾಸಿಗೆ ಮತ್ತೆ ನೀರು ತರಲು ಅಡುಗೆಮನೆಗೆ ಓಡಿದರು. ನಾನು ಕೈಗೆ ಸಿಕ್ಕ ಚೀಟಿಗಳನ್ನು ಬ್ಯಾಗಿಗೆ ತುರುಕಿ ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ.

ಆಂಟನಿಯ ಕಪ್ಪಿನಲ್ಲಿ ಕಾಡುಗಿಡವೊಂದರ ವಿಷ ಸಿಕ್ಕಿತು. ಯಾವ ಬಾಟಲಿಯಲ್ಲೂ ಸಿಗಲಿಲ್ಲ. ಕೊನೆಗೆ ಬಗ್ಗಿಸಿದವಳು ಹೆಂಡತಿ. ಪೊಲೀಸರಿಗೆ ಅಷ್ಟು ಸಾಕಾಯಿತು.

"ಚೀಟಿಗಳು ಇನ್ನೂ ಉಂಟಾ?" ಎಂದು ಆಂಟಿ ಕೇಳಿದರು.

ತಂದುಕೊಟ್ಟೆ. ಆಂಟನಿಯ ಚೀಟಿ ನೆಂದು ಒಣಗಿ ಸುಕ್ಕಾಗಿತ್ತು, ಶಾಯಿ ಅಲ್ಲಲ್ಲಿ ಹರಡಿತ್ತು. ಆಂಟಿ ಅದನ್ನು ಮುಟ್ಟದೆ, ಭೂತಗನ್ನಡಿ ಹಿಡಿದು ತುಂಬಾ ಹೊತ್ತು ಓದಿದರು.

"ಆಂಟನಿ ಕೇಶವನ ಬಗ್ಗೆ ಎಂತಾದರೂ ಹೇಳಿದ್ದನಾ?"

"ಅವನು ತರೋ ಬಾಟಲಿಗಳ ರುಚಿ ಯಾಕೋ ಸರಿಯಿಲ್ಲ ಅಂತಿದ್ರು," ಎಂದರು ಕ್ರಿಸ್ಟಿನಾ. "ಕೇಶವನಿಗೂ ಹೇಳಿದೀನಿ, ಈ ಸಲ ನೋಡಿಬಿಡ್ತೀನಿ ಅಂದ್ರು. ಪೋರ್ಟ್‌ಲ್ಯಾಂಡ್‌ನಿಂದ ಹೋಲಿಸಿ ನೋಡೋಕೆ ಅದೇ ಹೆಸರಿನ ಒಂದು ಬಾಟಲಿನೂ ತಂದಿಟ್ಟಿದ್ರು."

ಆಂಟಿ ಪೊಲೀಸರಿಗೆ ಫೋನ್ ಮಾಡಿ, ಚೀಟಿಯನ್ನೂ ಆ ಬಾಟಲಿಯನ್ನೂ ಒಪ್ಪಿಸಿದರು.

ಭಾನುವಾರ ಮಧ್ಯಾಹ್ನ ಆಂಟನಿಯ ಮನೆಯ ಅದೇ ಮೇಜಿನ ಸುತ್ತ ಎಲ್ಲರೂ ಸೇರಿದೆವು. ಮಾರ್ಶ್ ಎಂಬ ಪೊಲೀಸ್ ಅಧಿಕಾರಿಣಿಗೆ ನಾನು ಪಕ್ಕದಲ್ಲಿ ಕುಳಿತು ಎಲ್ಲರ ಮಾತನ್ನು ಇಂಗ್ಲಿಷಿನಲ್ಲಿ ಪಿಸುಗುಡುತ್ತಿದ್ದೆ. ಜೋಯೆಲ್ ಅತ್ತಿಗೆಯ ಕಡೆ ತಿರುಗಿಯೂ ನೋಡಲಿಲ್ಲ.

"ಇದೆಲ್ಲ ಎಂತ ನಾಟಕ ಆಂಟಿ?" ಎಂದ. "ಕೊನೆಗೆ ಕೊಟ್ಟವರು ಯಾರು ಅಂತ ಎಲ್ಲರಿಗೂ ಗೊತ್ತುಂಟಲ್ಲ."

"ಬಾಯಿ ಮುಚ್ಚಿ ಕೂತ್ಕೊ. ಮೂರು, ನಾಲ್ಕು ಬಗ್ಗಿಸಿದ್ದು ನೀನೇ." ಆಂಟಿ ಕನ್ನಡಕ ಸರಿಮಾಡಿಕೊಂಡರು. "ಎರಡನೇ ಸಾಕೆಗೆ ನೀವು ಮೂವರೂ ಬರೆದದ್ದು ಸಿಹಿ, ಕರಬೂಜದ ಪರಿಮಳ ಅಂತ. ಆಂಟನಿ ಬರೆದದ್ದು 'ಕಹಿ'. ಮೂರನೆಯದಕ್ಕೂ ಕಹಿ. ನಾಲ್ಕನೆಯದಕ್ಕೆ 'ಮತ್ತೆ ಕಹಿ'. ಮೊದಲನೆಯದಕ್ಕೆ ಮಾತ್ರ ನಿಮ್ಮ ಹಾಗೆಯೇ ಬರೆದಿದ್ದ. ಅಂದರೆ ಕ್ರಿಸ್ಟಿನಾ ಬಾಟಲಿ ಮುಟ್ಟುವ ಮೊದಲೇ ಅವನ ಕಪ್ಪು ಕೆಟ್ಟಿತ್ತು. ಈ ವಿಷವೂ ಒಂದು ಗುಟುಕಿಗೆ ಕೊಲ್ಲುವಂಥದ್ದಲ್ಲ, ಗಂಟೆಗಟ್ಟಲೆ ಒಳಗೆ ಕೂತು ಕೊಲ್ಲುತ್ತದೆ. ಆ ಮೂರನ್ನು ಬಗ್ಗಿಸಿದ ಕೈ ಎರಡು. ಇಬ್ಬರ ಸಾಕೆಯೂ ಕಹಿ. ಹಾಗಾದರೆ ಮೊದಲ ಕಪ್ಪು ಮುಗಿದ ಮೇಲೆ ಅವನ ಕಪ್ಪಿಗೆ ಪ್ರತೀ ಸಲ ಬಿದ್ದದ್ದು ಎಂತ?"

"ನೀರು," ಎಂದೆ.

"ತೊಳೆಯುವ ನೀರು. ಒಂದೊಂದೇ ಗ್ಲಾಸು ತಂದಿಟ್ಟದ್ದು ಕೇಶವ. ನೀರಿನ ಕಹಿಯನ್ನು ಅವನು ನಿಂಬೆ ಸಿಪ್ಪೆಯದ್ದು ಅಂದುಕೊಂಡ, ಕಪ್ಪಿನಲ್ಲಿ ಉಳಿದದ್ದು ಸಾಕೆಯನ್ನೂ ಕಹಿ ಮಾಡಿತು."

ಕೇಶವ ನಕ್ಕರು. "ಏನ್ ಆಂಟಿ, ಮಂಗಳೂರಿನವರ ಕಲ್ಪನೆ ಜೋರಾಗಿದೆ! ಬಾಯಿ ಕಹಿಯಾದ್ರೆ ಆಂಟನಿ ಸುಮ್ನಿರ್ತಿದ್ನಾ?"

"ಸುಮ್ಮನಿರುತ್ತಾನೆ ಅಂತ ನಿನಗೆ ಚೆನ್ನಾಗಿ ಗೊತ್ತಿತ್ತು. ನೀನು ಅಗ್ಗದ ಸಾಕೆಯನ್ನು ಒಳ್ಳೆಯ ಬಾಟಲಿಗೆ ತುಂಬಿಸಿ ತರ್ತೀಯ ಅಂತ ಅವನಿಗೆ ಅನುಮಾನ ಇತ್ತು. ನಾಲಿಗೆ ಕಹಿಯಾದಾಗ ನೀನು ಸಿಕ್ಕಿಬಿದ್ದೆ ಅಂದುಕೊಂಡ. ಎಲ್ಲ ಮುಗಿದ ಮೇಲೆ ಹೇಳುವ ಅಂತ ಕಾದ. ಪೋರ್ಟ್‌ಲ್ಯಾಂಡ್ ಬಾಟಲಿಯನ್ನೂ ನಿನ್ನದನ್ನೂ ಲ್ಯಾಬಿನವರು ಹೋಲಿಸಿ ನೋಡಿದ್ದಾರೆ. ಲೇಬಲ್ ಒಂದೇ, ಒಳಗಿದ್ದದ್ದು ಬೇರೆ. ಅವನು ಬಾಯಿ ಬಿಟ್ಟಿದ್ದರೆ ನಿನ್ನ ಕ್ಲಾಸಿಗೆ ಒಬ್ಬನೂ ಬರುತ್ತಿರಲಿಲ್ಲ."

"ನೀರಲ್ಲಿ ವಿಷ ಇತ್ತು ಅನ್ನೋಕೆ ಪ್ರೂಫ್ ಎಲ್ಲಿದೆ?" ಕೇಶವರ ದನಿ ಏರಿತು.

"ಬಿದ್ದವನ ಮುಖಕ್ಕೆ ನೀರು ಹಾಕಿದೆಯಲ್ಲ. ಅದು ನಮ್ಮವರು ಮಾಡುವುದೇ. ಅದಕ್ಕೇ ಪೊಲೀಸರಿಗೆ ಹೇಳಬೇಕು ಅಂತ ಇಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಆದರೆ ನಿನ್ನ ಗ್ಲಾಸು ನಿನ್ನ ಕೈಯ ಹತ್ತಿರವೇ ಇತ್ತು. ಅದನ್ನು ಬಿಟ್ಟು, ಮೇಜು ಸುತ್ತಿ ಬಂದು ಅವನದೇ ಗ್ಲಾಸು ಯಾಕೆ ಎತ್ತಿದೆ? ಸಾಯುವವನ ಮುಖಕ್ಕೆ ಸುರಿದು ಸಾಕ್ಷಿ ಖಾಲಿ ಮಾಡಿದೆ. ಮತ್ತೆ ನೀರು ತರುವ ನೆಪದಲ್ಲಿ ಗ್ಲಾಸು ತೊಳೆದೆ. ಅವನ ಚೀಟಿ ನೆಂದದ್ದನ್ನು ನೋಡಲಿಲ್ಲ. ಬರಿದಾದ ಕಪ್ಪು ಉರುಳಿದ್ದು ಜಮಖಾನದ ಮೇಲೆ, ಮೇಜಿನ ಮೇಲೆ ಬಿದ್ದದ್ದು ನೀನು ಚಿಮುಕಿಸಿದ ನೀರು ಮಾತ್ರ."

ಮಾರ್ಶ್ ಲ್ಯಾಬಿನ ವರದಿಯನ್ನು ಮೇಜಿನ ಮೇಲಿಟ್ಟರು. ಆಂಟನಿಯ ಚೀಟಿಯ ಕಾಗದದಲ್ಲಿ ಅದೇ ವಿಷ.

ಕೇಶವ ಓದಲಿಲ್ಲ. "ಒಂದು ತಿಂಗಳು ಟೈಮ್ ಕೊಡು ಅಂತ ಕೈಮುಗಿದಿದ್ದೆ ಅವನಿಗೆ," ಎಂದರು, ಯಾರಿಗೆ ಎಂದಿಲ್ಲದೆ. ಅವರನ್ನು ಕರೆದೊಯ್ದರು.

ಜೋಯೆಲ್ ಎದ್ದು ನಿಂತ. "ಅತ್ತಿಗೆ..." ಎಂದು ಅವರ ಕಡೆ ಹೆಜ್ಜೆ ಇಟ್ಟ.

ಕ್ರಿಸ್ಟಿನಾ ಆಂಟಿಯನ್ನೇ ನೋಡುತ್ತಿದ್ದರು. "ಬೀಳೋ ಮುಂಚೆ ಅವರು ನನ್ನ ಕಡೆ ನೋಡಿದ್ರು ಆಂಟಿ. ಕಪ್ಪು ನೋಡಿದ್ರು, ಆಮೇಲೆ ನನ್ನ ನೋಡಿದ್ರು. ನಾನೇ ಅಂದುಕೊಂಡ್ರಾ?"

ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿದ್ದ ಐರಿನ್ ಆಂಟಿ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ನನ್ನ ದಾದಿಯಾಗಿದ್ದರೆ ಇಲ್ಲೊಂದು ಸುಳ್ಳು ಹೇಳಿ ಕತೆ ಮುಗಿಸುತ್ತಿದ್ದಳು.

"ಅದು ನನಗೆ ಗೊತ್ತಿಲ್ಲ ಮಗಾ," ಎಂದರು.

ಕ್ರಿಸ್ಟಿನಾ ತಲೆಯಾಡಿಸಿ ಕಾರಿನ ಕೀಲಿ ತೆಗೆದುಕೊಂಡರು.

"ನಾನು ಡ್ರೈವ್ ಮಾಡ್ತೇನೆ ಅತ್ತಿಗೆ. ಮಗುವಿಗೆ ನಾನೇ ಹೇಳ್ತೇನೆ," ಎಂದ ಜೋಯೆಲ್.

"ಬೇಡ. ಅವಳು ಕೇಳಿದ್ದು ನನ್ನನ್ನ," ಎಂದು ಅವರು ಒಬ್ಬರೇ ಎವರೆಟ್‌ಗೆ ಹೊರಟರು.