ಬಾವಿ ಮುಂದಿನ ದನಿ

"ನನ್ನ ತಂಗಿ ದನಿ ಕದ್ದಾರ್ರೀ!" ಎನ್ನುತ್ತಲೇ ರಮಾಕಾಂತರಾಯರು ಒಳಗೆ ಬಂದರು.

ಧಾರವಾಡದ ಬಾವಿ ಚೌಕದಲ್ಲಿ, ಜವಳಿ ಅಂಗಡಿಯ ಮೇಲಿನ ಕೋಣೆಯಲ್ಲಿ ಪತ್ತೇದಾರಿ ಮಯೂರಿಯ ಕಚೇರಿಯಿತ್ತು. ಗೆಳತಿ ಸುರಭಿ ಎಲ್ಲ ಪ್ರಕರಣಗಳಲ್ಲೂ ಅವಳ ಜೊತೆಗಾತಿ. ರಾಯರನ್ನು ಇಬ್ಬರೂ ಬಲ್ಲರು. ಚೌಕದ ಆಡಿಯೋ ಗೈಡ್ ಅವರ ಕನಸಿನ ಕೂಸು. ಹೆಡ್‌ಫೋನ್ ಹಾಕಿಕೊಂಡು ತಿರುಗಿದರೆ ಒಂದೊಂದು ಕಟ್ಟಡದ ಮುಂದೆಯೂ ಅದರ ಚರಿತ್ರೆ ಕೇಳಿಸುತ್ತದೆ. ಬರೆದವರು ರಾಯರು, ಓದಿದವರು ಅವರ ತಂಗಿ, ನಿವೃತ್ತ ಶಿಕ್ಷಕಿ ಕಾಶೀಬಾಯಿ, ಧ್ವನಿಮುದ್ರಿಸಿದವನು ಅಂಬರೀಷ.

"ಬಾವಿ ತೋಡಿಸಿದವರು ನಮ್ಮ ಮುತ್ತಜ್ಜ ಅಂತ ಬರದಿದ್ದೆ. ಈಗ ತಂಗಿ ದನ್ಯಾಗನ ಬ್ಯಾರೆ ಕತಿ ಬರ್ತದ. ಅಂಬರೀಷ ಕಂಪ್ಯೂಟರಿನ್ಯಾಗ ನಕಲು ಮಾಡ್ಯಾನ. ಪುರಾವೆ ಕೊಡ್ರಿ, ಪೊಲೀಸರ ಕಡೆ ಹೋಗ್ತೇನಿ."

"ನಿಮ್ಮ ತಂಗೀನ್ನ ಕೇಳಿದ್ರೇನ್ರಿ?" ಎಂದಳು ಮಯೂರಿ.

"ಮಷೀನ್ ಕೆಟ್ಟದ ಅಂತಷ್ಟ ಹೇಳೇನಿ. ಮನಸ್ಸಿಗೆ ಹಚ್ಕೋತಾಳ."

ಗೆಳತಿಯರು ಕೆಳಗಿಳಿದು ಚೌಕ ಸುತ್ತಿದರು. ಬಾವಿಯ ಮುಂದೆ ಸುರಭಿಯ ಕಿವಿಯಲ್ಲಿ ಕಾಶೀಬಾಯಿ ಹೇಳಿದರು: "ಈ ಬಾವಿ ಅಗೆದವರನ್ನು ನೀರು ಸಿಕ್ಕ ಮೇಲೆ ಕಟ್ಟೆ ಹತ್ತಲು ಬಿಡಲಿಲ್ಲ."

ರಾಯರ ಆರೋಪ ಕೇಳಿ ಅಲ್ಲಿಗೆ ಬಂದ ಅಂಬರೀಷನ ಮುಖ ಬಾಡಿತ್ತು. "ಅಗದವರು ನಮ್ಮ ಮಂದೀನ. ಮಾತು ಖರೇ ಐತಿ. ಆದ್ರ ನಾ ಹಾಕಿಲ್ರಿ. ಪೊಲೀಸ್ ಕೇಸಾದ್ರ ನನಗ ಯಾರು ಕೆಲಸ ಕೊಡ್ತಾರ?"

"ಗೈಡಿನ ಪಾಸ್‌ವರ್ಡ್ ಯಾರ ಕಡೆ ಐತಿ?" ಮಯೂರಿ ಕೇಳಿದಳು.

"ನನ್ನ ಕಡೆ, ಮತ್ತ ರಾಯರ ಮನ್ಯಾಗ."

ಸುರಭಿ ಮತ್ತೊಮ್ಮೆ ಕೇಳಿ ಹುಬ್ಬು ಗಂಟಿಕ್ಕಿದಳು. "ಉಳಿದ ಕಡೆ 'ಸ' ಅಂದ್ರ ಸೀಟಿ ಹೊಡದಂಗ ಆಗ್ತದ. ಇಲ್ಲಿ ಇಲ್ಲ. ಹಿಂದ ಏನೋ ಕಿರ್ ಕಿರ್ ಅಂತದ."

ಮಯೂರಿ ನಕ್ಕಳು. "ಸಂಜಿಗೆ ರಾಯರ ಮನಿಗೆ ಹೋಗೂಣು. ಅಂಬರೀಷ, ನೀನೂ ಬಾ."

ಸಂಜೆ ಎಲ್ಲರೂ ಸೇರಿದರು. ರಾಯರು ತೂಗುಮಂಚದ ಮೇಲೆ ಕೂತೊಡನೆ ಅದರ ಸರಪಳಿ ಕಿರ್ ಎಂದಿತು. ಬಾವಿಯ ಮುಂದೆ ಕೇಳಿದ್ದ ಅದೇ ಸದ್ದು; ಸುರಭಿ ಮಯೂರಿಯತ್ತ ನೋಡಿದಳು. ಅಷ್ಟರಲ್ಲಿ ಕಾಶೀಬಾಯಿ ಚಹಾ ತಂದು, "ಸಕ್ಕರಿ ಸಾಕಾತೇನವಾ?" ಎಂದರು. 'ಸ' ಸ್ಪಷ್ಟವಾಗಿತ್ತು.

"ಹಲ್ಲು ಯಾವಾಗ ಕಟ್ಟಿಸಿದ್ರಿ, ಬಾಯಾರ?" ಮಯೂರಿ ಕೇಳಿದಳು.

"ಮೊನ್ನೆ ಮೊನ್ನೆ."

ಮಯೂರಿ ರಾಯರತ್ತ ತಿರುಗಿದಳು. "ಕಂಪ್ಯೂಟರ್ ನಕಲು ಮಾಡಬೇಕಂದ್ರ ಹಳೇ ಧ್ವನಿಮುದ್ರಣದಿಂದನ ಮಾಡಬೇಕು. ಹಂಗ ಮಾಡಿದ್ರ ಹಲ್ಲಿಲ್ಲದಾಗಿನ 'ಸ'ದ ಸೀಟೀನೂ ಬರ್ತಿತ್ತು. ಬಂದಿಲ್ಲ. ಅಂದ್ರ ಹಲ್ಲು ಕಟ್ಟಿಸಿದ ಮ್ಯಾಲೆ ಬಾಯಾರ ಖುದ್ದು ಮಾತಾಡ್ಯಾರ. ಅಂಬರೀಷನ ಕೋಣ್ಯಾಗ ತೂಗುಮಂಚ ಎಲ್ಲೈತ್ರಿ? ಇಲ್ಲೇ ಕೂತು ಮಾತಾಡ್ಯಾರ, ಇಲ್ಲಿಂದನ ಹಾಕ್ಯಾರ."

ಕಾಶೀಬಾಯಿ ತಟ್ಟೆ ಕೆಳಗಿಟ್ಟರು. "ಹೌದು, ನಾನ ಹಾಕಿದ್ದು. ಸಾಲಿ ಮಕ್ಕಳು ಹೆಡ್‌ಫೋನ್ ಹಾಕ್ಕೊಂಡು ನನ್ನ ಮಾತು ಕೇಳಿ ತಲಿ ಆಡಿಸ್ತಿದ್ವು. ಅರ್ಧ ಸುಳ್ಳು ಕಲಿಸಿದಂಗಾತು. ಅಗದವರ ಮಾತು ಅಪ್ಪಾ ನಮ್ಮಿಬ್ಬರಿಗೂ ಹೇಳಿದ್ದ, ರಮಾಕಾಂತ. ನೀ ಅದನ್ನ ಬಿಟ್ಟು ಬರದಿ." ಆಕೆ ಅಂಬರೀಷನ ಕಡೆ ನೋಡಿದರು. "ನಿನ್ನ ಮ್ಯಾಲೆ ಹೊರಸ್ಯಾರಂತ ನನಗ ಗೊತ್ತಿರಲಿಲ್ಲಪ್ಪಾ."

ರಾಯರು ಎದ್ದು ಅಂಬರೀಷನ ಮುಂದೆ ನಿಂತರು. "ತಪ್ಪಾತು. ಅಗದವರ ಹೆಸರು ಯಾರಿಗರೆ ಗೊತ್ತದ ಏನು?"

"ನಮ್ಮ ಆಯಿಗೆ ಗೊತ್ತೈತ್ರಿ."

"ಕರಕೊಂಡು ಬಾ. ಆಕೀನ ಹೇಳ್ಲಿ."

ಮುಂದಿನ ವಾರ ಸುರಭಿ ಬಾವಿಯ ಮುಂದೆ ನಿಂತಾಗ ಕಾಶೀಬಾಯಿಯ ಮಾತು ಮುಗಿದೊಡನೆ ಅಂಬರೀಷನ ಅಜ್ಜಿಯ ಒರಟು ದನಿ ಕೇಳಿಸಿತು. "ನಾ ಶೇವಂತೆವ್ವ. ಈ ಬಾವ್ಯಾಗ ಮೊದಲ ಇಳದಾಂವ ನಮ್ಮ ಮುತ್ಯಾ ಉಡಚಪ್ಪ..."